‘ನನ್ನಿಂದಾಗದು’ ಎನ್ನುವುದು ಅವಿಶ್ವಾಸವೇ?

ಸೇವೆ ಮಾಡುವವರ ಬಾಯಿಂದ ಈಚೀಚೆಗೆ ಹೆಚ್ಚಾಗಿ ಕೇಳಿಬರುವ ಮಾತೊಂದಿದೆ: “ಸ್ವಾಮಿಗಳೇ, ಇನ್ನು ನನ್ನಿಂದ ಆಗುವುದಿಲ್ಲ.” ಭಾನುವಾರ ಬೆಳಿಗ್ಗೆ ನಲವತ್ತು ಮಕ್ಕಳನ್ನು ಕೂರಿಸಿಕೊಂಡು ಧರ್ಮೋಪದೇಶ ಹೇಳಿಕೊಡುವ ಟೀಚರಮ್ಮ ಇದನ್ನು ಹೇಳುತ್ತಾರೆ. ಸಂತ ವಿನ್ಸೆಂಟ್ ದೆ ಪಾಲ್ ಸಭೆಯ ಹಿರಿಯ ಸದಸ್ಯರೂ ಹೇಳುತ್ತಾರೆ. ಅಕ್ಕಿ ಹಂಚಲು ಹೋದ ಮನೆಯಲ್ಲಿ ಅಕ್ಕಿಯಿಂದ ಪರಿಹಾರವಾಗದ ಹತ್ತು ಕಷ್ಟಗಳನ್ನು ಕೇಳಿಕೊಂಡು ಬಂದವರು ಅವರು. ಆಸ್ಪತ್ರೆಯಲ್ಲಿ ಸೇವೆ ಮಾಡುವ ಕನ್ಯಾಸ್ತ್ರೀಯರು ಹೇಳುತ್ತಾರೆ. ಗುರುಗಳು ಕೂಡ ತಮ್ಮತಮ್ಮಲ್ಲಿ, ಊಟದ ಮೇಜಿನ ಬಳಿ ಬಾಗಿಲು ಮುಚ್ಚಿಕೊಂಡು, ಹೇಳಿಕೊಳ್ಳುವುದುಂಟು. ಆ ಮಾತಿನ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: “ಹೀಗೆ ಹೇಳುವುದು ತಪ್ಪಲ್ಲವೇ? ದೇವರ ಕೆಲಸದಲ್ಲಿ ಸಾಕು ಎನ್ನಬಹುದೇ?”

ಮೊದಲನೆಯ ಮಾತು ದಣಿವಿನದು, ಎರಡನೆಯದು ಆತ್ಮಸಾಕ್ಷಿಯದು. ದಣಿವು ಒಂದು ರಾತ್ರಿಯ ನಿದ್ದೆಯಿಂದ ಹೋಗಬಹುದು. ಆತ್ಮಸಾಕ್ಷಿ ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಹೋದರೆ ಅದು ನಿದ್ದೆಯನ್ನೂ ಕೆಡಿಸುತ್ತದೆ. ಆದ್ದರಿಂದ ಈ ವಾರ ಆ ಎರಡನೆಯ ಮಾತನ್ನೇ ಹಿಡಿದು ಯೋಚಿಸೋಣ.

ಹೊರೆ ಎಷ್ಟಿದೆ ಎಂಬುದನ್ನು ಮೊದಲು ನೋಡಬೇಕು. ನಮ್ಮ ದಕ್ಷಿಣ ಬೆಂಗಳೂರನ್ನೇ ತೆಗೆದುಕೊಳ್ಳಿ. 1948ರಲ್ಲಿ ಬಡಾವಣೆಯಾಗಿ ಆರಂಭವಾದ ಜಯನಗರದಲ್ಲಿ, ಮೊದಲ ತಲೆಮಾರಿನವರು ಆಸೆಯಿಂದ ಕಟ್ಟಿಸಿದ ಎಷ್ಟೋ ಮನೆಗಳಲ್ಲಿ ಈಗ ವೃದ್ಧ ದಂಪತಿಗಳು ಇಬ್ಬರೇ ಇದ್ದಾರೆ, ಮಕ್ಕಳು ಹೊರದೇಶದಲ್ಲಿ. ಜೆ.ಪಿ. ನಗರದ ಒಂದೊಂದು ಹಂತದಲ್ಲೂ ಎದ್ದಿರುವ ಅಪಾರ್ಟ್‌ಮೆಂಟುಗಳಲ್ಲಿ ಒಂದು ಕಟ್ಟಡಕ್ಕೆ ಒಂದು ಹಳ್ಳಿಯಷ್ಟು ಜನ. ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲಕ್ಷರಗಳಿಂದ ಹೆಸರು ಪಡೆದ ಬಿ.ಟಿ.ಎಂ. ಬಡಾವಣೆಯ ಪಿ.ಜಿ.ಗಳಲ್ಲಿ ಈ ವರ್ಷ ಇದ್ದ ಹುಡುಗ ಹುಡುಗಿಯರು ಬರುವ ವರ್ಷ ಇರುವುದಿಲ್ಲ. ಅವರ ಹೆಸರು ತಿಳಿಯುವಷ್ಟರಲ್ಲಿ ಅವರು ಊರು ಬಿಟ್ಟಿರುತ್ತಾರೆ. ಬನಶಂಕರಿಯ ಆಚೆ ನಗರ ಬೆಳೆಯುತ್ತಲೇ ಇದೆ. ಮನೆಗೆಲಸಕ್ಕೆಂದು, ಕಟ್ಟಡದ ಕೆಲಸಕ್ಕೆಂದು ಬೇರೆ ಬೇರೆ ರಾಜ್ಯಗಳಿಂದ ಬಂದ ಕ್ರೈಸ್ತರೂ ಇದ್ದಾರೆ. ಭಾನುವಾರದ ಪೂಜೆ ಕನ್ನಡದಲ್ಲಿ ಬೇಕು, ತಮಿಳಿನಲ್ಲಿ ಬೇಕು, ಇಂಗ್ಲಿಷಿನಲ್ಲಿ ಬೇಕು. ಹೊಸಮನೆ ಆಶೀರ್ವಾದ, ಶಾಲೆಗೆ ಸೇರಿಸಲು ಶಿಫಾರಸು ಪತ್ರ, ಗಂಡ ಹೆಂಡಿರ ಜಗಳ, ಸಮಾಧಿಭೂಮಿಯ ಜಾಗ, ಗಾನವೃಂದದ ಮುನಿಸು, ಕೆಟ್ಟುಹೋದ ಜನರೇಟರ್ ಎಲ್ಲವೂ ಒಂದೇ ಬಾಗಿಲಿಗೆ ಬರುತ್ತವೆ. ಹಿಂದೆ ಜನ ಗುರುಗಳ ಮನೆಗೆ ನಡೆದುಬರಬೇಕಿತ್ತು. ಆ ನಡಿಗೆಯಲ್ಲೇ ಅರ್ಧ ಕೋಪ ಇಳಿಯುತ್ತಿತ್ತು. ಈಗ ರಾತ್ರಿ ಹನ್ನೊಂದೂವರೆಗೆ ವಾಟ್ಸಾಪ್ ಸಂದೇಶ ಬರುತ್ತದೆ, ಬಿಸಿ ಆರದ ಹಾಗೇ.

ಈ ಹೊರೆಯ ಅರಿವು ಧರ್ಮಸಭೆಗೆ ಇಲ್ಲವೆಂದಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ ಒಬ್ಬ ಗುರು ಸಾಮಾನ್ಯವಾಗಿ ದಿನಕ್ಕೆ ಒಂದು ಬಲಿಪೂಜೆಯನ್ನಷ್ಟೇ ಅರ್ಪಿಸಬೇಕು. ಗುರುಗಳ ಕೊರತೆಯಿದ್ದರೆ ಧರ್ಮಾಧ್ಯಕ್ಷರು ಎರಡಕ್ಕೆ, ಭಾನುವಾರ ಮತ್ತು ಕಡ್ಡಾಯ ಹಬ್ಬಗಳಲ್ಲಿ ಅಗತ್ಯಬಿದ್ದರೆ ಮೂರಕ್ಕೆ ಅನುಮತಿ ನೀಡಬಹುದು. ಅಷ್ಟಕ್ಕೆ ನಿಲ್ಲಬೇಕು. ಜಗತ್ತಿನಲ್ಲಿ ಇದಕ್ಕಿಂತ ಪವಿತ್ರವಾದ ಕೆಲಸ ಇನ್ನೊಂದಿಲ್ಲವೆಂದು ನಂಬುವ ಧರ್ಮಸಭೆಯೇ ಆ ಕೆಲಸಕ್ಕೆ ಎಣಿಕೆಯ ಮಿತಿ ಹಾಕಿದೆಯಲ್ಲ! ಇದನ್ನು ಗಮನಿಸಿದವರು ಕಡಿಮೆ.

ಹೊರೆಯಿಂದ ಬಳಲಿದವರಿಗೆ ನಾವು ಸಾಮಾನ್ಯವಾಗಿ ಹೇಳುವ ಸಮಾಧಾನ ಒಂದಿದೆ. ಹೊರಲಾರದ ಭಾರವನ್ನು ದೇವರು ಯಾರಿಗೂ ಕೊಡುವುದಿಲ್ಲ ಎನ್ನುತ್ತೇವೆ. ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಪವಿತ್ರ ಗ್ರಂಥದಲ್ಲಿ ಈ ಮಾತನ್ನು ಹುಡುಕಿ ನೋಡಿ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ (10:13) ಇದನ್ನು ಹೋಲುವ ಮಾತಿದೆ. ಅದು ಶೋಧನೆಯ ಕುರಿತದ್ದು, ಕೆಲಸದ ಹೊರೆಯ ಕುರಿತದ್ದಲ್ಲ. ಅದೇ ಪೌಲರು ಅದೇ ಜನರಿಗೆ ಬರೆದ ಎರಡನೆಯ ಪತ್ರದ ಆರಂಭದಲ್ಲೇ (1:8), ಏಷ್ಯಾ ಪ್ರಾಂತ್ಯದಲ್ಲಿ ತಮ್ಮ ಮೇಲೆ ಬಿದ್ದ ಭಾರ ತಮ್ಮ ಶಕ್ತಿಗೆ ಮೀರಿದ್ದಾಗಿತ್ತೆಂದೂ, ಬದುಕುವ ಆಸೆಯನ್ನೇ ಬಿಟ್ಟಿದ್ದೆವೆಂದೂ ಮುಚ್ಚುಮರೆಯಿಲ್ಲದೆ ತಿಳಿಸುತ್ತಾರೆ. ಪ್ರೇಷಿತರಾದ ಪೌಲರಿಗೇ ಶಕ್ತಿ ಮೀರಿದ ಭಾರ ಬಂದಿತ್ತೆಂದ ಮೇಲೆ, ನಮ್ಮ ಟೀಚರಮ್ಮನಿಗೆ ಬಂದರೆ ಅದನ್ನು ವಿಶ್ವಾಸದ ಕೊರತೆ ಎನ್ನಲು ನಮಗೇನು ಅಧಿಕಾರ?

ಮೋಶೆಯ ಕತೆ ಇನ್ನೂ ನೇರವಾಗಿದೆ. ಮಾಂಸಕ್ಕಾಗಿ ಗೋಳಿಡುವ ಜನರನ್ನು ಕಂಡು ಅವನು ದೇವರೊಡನೆ ವಾದಕ್ಕೆ ಇಳಿಯುತ್ತಾನೆ (ಸಂಖ್ಯಾಕಾಂಡ 11). ಈ ಜನರನ್ನೆಲ್ಲ ಹೆತ್ತವನು ತಾನಲ್ಲ, ಹಾಲುಕೂಸನ್ನು ಎತ್ತಿಕೊಂಡಂತೆ ಇವರನ್ನು ತಾನೊಬ್ಬನೇ ಹೊರಲಾರೆ, ಹೀಗೇ ಮುಂದುವರಿಯುವುದಾದರೆ ತನ್ನನ್ನು ಕೊಂದುಬಿಡುವುದೇ ಮೇಲು ಎಂಬಷ್ಟು ದೂರ ಹೋಗುತ್ತಾನೆ. ದೇವರು ಅವನನ್ನು ಗದರಿಸುವುದಿಲ್ಲ. ವಿಶ್ವಾಸದ ಮೇಲೆ ಪ್ರವಚನ ನೀಡುವುದಿಲ್ಲ. ಎಪ್ಪತ್ತು ಮಂದಿ ಹಿರಿಯರನ್ನು ಕರೆತರಲು ಹೇಳಿ, ಮೋಶೆಯ ಮೇಲಿದ್ದ ಆತ್ಮದಲ್ಲಿ ಅವರಿಗೂ ಪಾಲು ಕೊಡುತ್ತಾರೆ. ಇದಕ್ಕೂ ಮೊದಲೇ ಅವನ ಮಾವ ಇತ್ರೋ ಇಂಥದ್ದೇ ಸಲಹೆ ಕೊಟ್ಟಿದ್ದ (ವಿಮೋಚನಾಕಾಂಡ 18). ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ನ್ಯಾಯ ತೀರಿಸುತ್ತಿದ್ದ ಅಳಿಯನನ್ನು ನೋಡಿ, ನೀನು ಮಾಡುತ್ತಿರುವುದು ಸರಿಯಲ್ಲ, ನೀನೂ ಸೊರಗುತ್ತೀಯೆ, ಜನರೂ ಸೊರಗುತ್ತಾರೆ ಎಂದು ಎಚ್ಚರಿಸಿದ್ದ. ಜನರೂ ಎಂಬುದನ್ನು ಮರೆಯಬಾರದು. ಒಬ್ಬನೇ ಎಲ್ಲವನ್ನೂ ಮಾಡುವುದರಿಂದ ಸರದಿಯಲ್ಲಿ ನಿಂತವರ ಕಾಲೂ ನೋಯುತ್ತದೆ.

ಎಲೀಯನ ವಿಷಯಕ್ಕೆ ಬರೋಣ. ಕಾರ್ಮೆಲ್ ಬೆಟ್ಟದ ಮೇಲೆ ಗೆದ್ದುಬಂದ ಪ್ರವಾದಿ ಮರುದಿನವೇ ಪ್ರಾಣಭಯದಿಂದ ಓಡಿ, ಅಡವಿಯಲ್ಲಿ ಒಂದು ಗಿಡದ ಕೆಳಗೆ ಕುಳಿತು ಸಾವನ್ನು ಬೇಡುತ್ತಾನೆ (1 ಅರಸುಗಳು 19). ಅವನಿಗೆ ಮೊದಲು ಸಿಕ್ಕಿದ್ದು ನಿದ್ದೆ. ಆಮೇಲೆ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಮತ್ತೆ ನಿದ್ದೆ, ಮತ್ತೆ ಊಟ. ದೇವರು ಮಾತಿಗಾರಂಭಿಸಿದ್ದು ಆಮೇಲೆ. ತಾನೊಬ್ಬನೇ ಉಳಿದಿದ್ದೇನೆ ಎಂದು ಎಲೀಯ ಅಳಲು ತೋಡಿಕೊಂಡಾಗ, ಬಾಳನಿಗೆ ಮಂಡಿಯೂರದ ಏಳು ಸಾವಿರ ಮಂದಿ ಇನ್ನೂ ಇದ್ದಾರೆಂದು ದೇವರು ತಿಳಿಸುತ್ತಾರೆ. ಎಲೀಯ ಸುಳ್ಳು ಹೇಳಿರಲಿಲ್ಲ; ದಣಿದವನ ಕಣ್ಣಿಗೆ ಲೆಕ್ಕ ತಪ್ಪುತ್ತದೆ. ಒಂದು ಎಂದು ಎಣಿಸಿದಲ್ಲಿ ಏಳು ಸಾವಿರವಿತ್ತು.

ಹೀಗೆ ಲೆಕ್ಕ ತಪ್ಪಿದ ಒಬ್ಬ ಗುರು ನಮ್ಮ ನಾಡಿನಲ್ಲೇ ಇದ್ದರು. ಗೊರೂರು ಜಲಾಶಯದ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿಯ ಪಾಳುಬಿದ್ದ ದೇವಾಲಯವನ್ನು ನೋಡಿ ಫೋಟೋ ತೆಗೆಸಿಕೊಂಡು ಬರುವವರು ಬಹಳ ಜನ. ಅದೇ ಹಾಸನ ಜಿಲ್ಲೆಯಲ್ಲಿ ಸಾತಹಳ್ಳಿ ಎಂಬ ಊರಿದೆ. ಅಲ್ಲಿನ ಕ್ರೈಸ್ತರ ನೆಲೆಯ ಹಿಂದಿರುವ ಹೆಸರು ಅಬ್ಬೆ ದ್ಯುಬುವಾ, ನಮ್ಮ ಹಿರಿಯರ ಬಾಯಲ್ಲಿ ದೊಡ್ಡಸ್ವಾಮಿಯವರು. ಪ್ಯಾರಿಸ್ ಮಿಶನ್ ಸಂಸ್ಥೆಯ ಗುರು. 1792ರಲ್ಲಿ, ಗುರುದೀಕ್ಷೆಯಾದ ವರ್ಷವೇ, ಕ್ರಾಂತಿಯ ಬೆಂಕಿಯಲ್ಲಿದ್ದ ಫ್ರಾನ್ಸನ್ನು ಬಿಟ್ಟು ಭಾರತಕ್ಕೆ ಹೊರಟರು. 1799ರಲ್ಲಿ ಶ್ರೀರಂಗಪಟ್ಟಣದ ಪತನವಾದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸುವ ಕೆಲಸ ಅವರ ಪಾಲಿಗೆ ಬಂತು. ಆ ಕಾಲದ ಮೈಸೂರು ಸೀಮೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಯುದ್ಧದಿಂದ ಬೆಂದ ಊರುಗಳು, ಎತ್ತಿನ ಗಾಡಿಯ ದಾರಿಗಳು, ಅಲ್ಲೊಂದು ಇಲ್ಲೊಂದು ಕ್ರೈಸ್ತ ಕುಟುಂಬ. ಕ್ರಾಂತಿಯಿಂದಾಗಿ ಯೂರೋಪಿನಿಂದ ಹೊಸ ಗುರುಗಳು ಬರುವುದು ಹೆಚ್ಚುಕಡಿಮೆ ನಿಂತೇಹೋಗಿತ್ತು. ಹಳಬರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದರು. ದ್ಯುಬುವಾ ಈ ನಾಡಿನ ಉಡುಪು ತೊಟ್ಟರು, ಇಲ್ಲಿನ ಊಟಕ್ಕೆ ಒಗ್ಗಿಕೊಂಡರು, ಊರೂರು ಸುತ್ತಿದರು. ನೆಲೆಯಿಲ್ಲದ ಕ್ರೈಸ್ತರು ಬೇಸಾಯ ಮಾಡಿಕೊಂಡು ಬಾಳಲೆಂದು ಸಾತಹಳ್ಳಿಯಂಥ ಕಡೆ ನೆಲೆ ಕಲ್ಪಿಸಿದರು. ಸಿಡುಬಿಗೆ ಲಸಿಕೆ ಆಗತಾನೆ ಬಂದಿತ್ತು, ಜನ ಹೆದರುತ್ತಿದ್ದರು. ದ್ಯುಬುವಾ ಮತ್ತು ಅವರ ಸಹಾಯಕರು 1803-04ರ ಅವಧಿಯಲ್ಲಿ 25,000ಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿದರೆಂದು ದಾಖಲೆಯಿದೆ.

ಇಷ್ಟೆಲ್ಲ ಮಾಡಿದವರು 1823ರ ಜನವರಿಯಲ್ಲಿ, ಮೂವತ್ತು ವರ್ಷಗಳ ಸೇವೆಯ ನಂತರ, ಭಾರತವನ್ನು ಬಿಟ್ಟು ಹೋದರು. ಮತ್ತೆ ಬರಲಿಲ್ಲ. ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ಅವರ ಪತ್ರಗಳಲ್ಲಿ, ಈ ದೇಶದಲ್ಲಿ ಶುಭಸಂದೇಶ ಬೇರೂರುವ ಆಸೆಯಿಲ್ಲ ಎಂದೇ ಬರೆದರು. ಅಷ್ಟು ವರ್ಷಗಳಲ್ಲಿ ತಾವು ಕ್ರೈಸ್ತರನ್ನಾಗಿ ಮಾಡಿದ್ದು ಇನ್ನೂರು ಮುನ್ನೂರು ಜನರನ್ನು ಮಾತ್ರ, ಅವರಲ್ಲೂ ಹೆಚ್ಚಿನವರು ದಿಕ್ಕಿಲ್ಲದ ಬಡವರು ಎಂದು ಕಹಿಯಾಗಿ ಲೆಕ್ಕ ಕೊಟ್ಟರು. ಆ ಪತ್ರಗಳು ಅಂದು ದೊಡ್ಡ ವಿವಾದವನ್ನೇ ಎಬ್ಬಿಸಿದವು.

ಅವರನ್ನು ದೂರುವುದು ಸುಲಭ. ಮೂವತ್ತು ವರ್ಷ ಅವರ ಜಾಗದಲ್ಲಿ ನಿಂತು ನೋಡದೆ ದೂರುವ ಮನಸ್ಸು ನನಗಿಲ್ಲ. ಆದರೆ ಅವರ ಲೆಕ್ಕದ ಪುಸ್ತಕದಲ್ಲಿ ಏನು ಬಿಟ್ಟುಹೋಗಿದೆ ನೋಡಿ. ಲಸಿಕೆಯಿಂದ ಉಳಿದ ಮಕ್ಕಳು ಅದರಲ್ಲಿಲ್ಲ. ಶ್ರೀರಂಗಪಟ್ಟಣದ ಸುತ್ತ ಮತ್ತೆ ಒಟ್ಟಾಗಿ ಜಪಸರ ಹೇಳಿದ ಕುಟುಂಬಗಳು ಅದರಲ್ಲಿಲ್ಲ. ದಿಕ್ಕಿಲ್ಲದ ಬಡವರು ಎಂಬುದನ್ನು ಅವರು ನಷ್ಟದ ಬದಿಗೆ ಬರೆದರು. ಯೇಸುಸ್ವಾಮಿ ಅದನ್ನು ಯಾವ ಬದಿಗೆ ಬರೆಯುತ್ತಿದ್ದರೆಂಬುದು ಶುಭಸಂದೇಶ ಓದಿದವರಿಗೆ ಗೊತ್ತು. ಇನ್ನೂ ವಿಚಿತ್ರವೆಂದರೆ, ಪ್ಯಾರಿಸಿಗೆ ಹಿಂದಿರುಗಿದ ದ್ಯುಬುವಾ ಮುಂದೆ ಮಿಶನರಿಗಳನ್ನು ತರಬೇತುಗೊಳಿಸಿ ಕಳುಹಿಸುವ ಅದೇ ಗುರುಮಠದ ಮುಖ್ಯಸ್ಥರಾದರು. 1848ರಲ್ಲಿ ಅವರು ತೀರಿಕೊಂಡಾಗ ಅವರ ಸಂಸ್ಥೆಯ ಗುರುಗಳು ಮೈಸೂರು ಸೀಮೆಯಲ್ಲಿ ಕೆಲಸ ಮಾಡುತ್ತಲೇ ಇದ್ದರು. ಅದೇ ಸಂಸ್ಥೆಯ ಧರ್ಮಾಧ್ಯಕ್ಷರ ಕಾಲದಲ್ಲೇ 1886ರಲ್ಲಿ ಬೆಂಗಳೂರಿನ ಸಂತ ಮಾರ್ಥಾ ಆಸ್ಪತ್ರೆ ಬಾಗಿಲು ತೆರೆದದ್ದು. ಸಾತಹಳ್ಳಿಯಲ್ಲಿ ಇಂದಿಗೂ ಪೂಜೆಯ ಗಂಟೆ ಬಾರಿಸುತ್ತದೆ. ನನಗನ್ನಿಸುವುದಿಷ್ಟು: ದೊಡ್ಡಸ್ವಾಮಿಯವರು ಸೋತಿರಲಿಲ್ಲ, ದಣಿದಿದ್ದರು. ಆ ಎರಡನ್ನೂ ಬೇರೆಮಾಡಿ ಹೇಳಬಲ್ಲ ಒಬ್ಬ ಗೆಳೆಯ ಅವರ ಬಳಿ ಇರಲಿಲ್ಲವೇನೋ.

ಈಗ ಮೂಲ ಪ್ರಶ್ನೆಗೆ ಬರೋಣ. ಕ್ರೈಸ್ತ ಪ್ರೀತಿಗೆ ಎಲ್ಲೆಯಿಲ್ಲ ಎನ್ನುತ್ತೇವೆ. ಎಲ್ಲೆಯಿಲ್ಲದ ಪ್ರೀತಿಯನ್ನು ಇಪ್ಪತ್ತನಾಲ್ಕು ಗಂಟೆಯ ದಿನದಲ್ಲಿ, ಒಂದು ಜೊತೆ ಕೈಕಾಲಿನಲ್ಲಿ ನಡೆಸುವುದು ಹೇಗೆ? ಈ ಪ್ರಶ್ನೆ ಹೊಸದಲ್ಲ. ಹದಿನಾರು ಶತಮಾನಗಳ ಹಿಂದೆಯೇ ಸಂತ ಅಗಸ್ಟೀನರು ಕ್ರೈಸ್ತ ಬೋಧನೆಯ ಕುರಿತ ತಮ್ಮ ಗ್ರಂಥದಲ್ಲಿ ಇದಕ್ಕೆ ಉತ್ತರ ಹುಡುಕಿದ್ದಾರೆ. ಎಲ್ಲರನ್ನೂ ಸಮಾನವಾಗಿ ಪ್ರೀತಿಸಬೇಕು. ಆದರೆ ಎಲ್ಲರಿಗೂ ನೆರವಾಗುವುದು ನಮ್ಮಿಂದಾಗದು. ಆದ್ದರಿಂದ ಸ್ಥಳ, ಕಾಲ, ಸಂದರ್ಭಗಳು ಯಾರನ್ನು ನಮ್ಮ ಹತ್ತಿರಕ್ಕೆ ತಂದಿವೆಯೋ ಅವರನ್ನು ಚೀಟಿ ಎತ್ತಿದಾಗ ನಮ್ಮ ಪಾಲಿಗೆ ಬಂದವರೆಂದು ತಿಳಿದು ನೋಡಿಕೊಳ್ಳಬೇಕು ಎಂಬುದು ಅವರ ವಿಚಾರ. ಹದಿಮೂರನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಇದನ್ನೇ ಇನ್ನಷ್ಟು ಬಿಡಿಸಿ ಹೇಳಿದರು. ಒಬ್ಬೊಬ್ಬರಿಗೂ ಕೈಯಾರೆ ಒಳಿತು ಮಾಡುವುದು ಯಾರಿಗೂ ಸಾಧ್ಯವಿಲ್ಲ. ಆದರೆ ಸಂದರ್ಭ ಬಂದರೆ ಯಾರಿಗಾದರೂ ಒಳಿತು ಮಾಡಲು ಮನಸ್ಸು ಸಿದ್ಧವಾಗಿರಬೇಕು. ಆ ಸಿದ್ಧತೆಯಿಂದ ಯಾರನ್ನೂ ಹೊರಗಿಡಬಾರದು. ಅಂದರೆ, ಎಲ್ಲೆಯಿಲ್ಲದಿರಬೇಕಾದದ್ದು ಮನಸ್ಸಿನ ಬಾಗಿಲಿಗೆ. ಕೈಗೆ ಎಲ್ಲೆಯಿರುವುದು ದೇವರು ನಮ್ಮನ್ನು ಸೃಷ್ಟಿಸಿದ ರೀತಿ. ಅಸಾಧ್ಯವಾದದ್ದಕ್ಕೆ ಯಾರೂ ಬಾಧ್ಯರಲ್ಲವೆಂದು ಗುರುಮಠದ ನೀತಿಶಾಸ್ತ್ರದ ತರಗತಿಯಲ್ಲಿ ಮೊದಲ ವರ್ಷವೇ ಕಲಿಸುತ್ತಾರೆ.

ಇಷ್ಟಕ್ಕೆ ಸಮಾಧಾನವಾಯಿತೇ? ನನಗಂತೂ ಪೂರ್ತಿಯಾಗಿ ಆಗುವುದಿಲ್ಲ. ಒಂದು ಉದಾಹರಣೆ ನೋಡಿ. ಶನಿವಾರ ಸಂಜೆ ಒಬ್ಬರೇ ಗುರುಗಳಿದ್ದಾರೆ. ಆರು ಗಂಟೆಯ ವಿವಾಹಕ್ಕೆ ವಧೂವರರು ಬಂದು ನಿಂತಿದ್ದಾರೆ. ಅದೇ ಹೊತ್ತಿಗೆ, ಸಿಲ್ಕ್ ಬೋರ್ಡಿನ ವಾಹನದಟ್ಟಣೆಯ ಆಚೆ, ಒಂದು ಆಸ್ಪತ್ರೆಯಲ್ಲಿ ಸಾಯುತ್ತಿರುವ ತಾಯಿಗೆ ರೋಗಿಗಳ ಅಭ್ಯಂಗ ಕೊಡಿಸಬೇಕೆಂದು ಮಗ ಫೋನಿನಲ್ಲಿ ಅಳುತ್ತಿದ್ದಾನೆ. ಗುರು ಎಲ್ಲಿಗೆ ಹೋದರೂ ಇನ್ನೊಂದು ಕಡೆ ಒಂದು ಗಾಯ ಉಳಿಯುತ್ತದೆ. ಸಂತ ಥಾಮಸರ ಮಾತನ್ನು ಆ ಮಗನಿಗೆ ಹೇಳಿ ಸಮಾಧಾನಪಡಿಸಲು ಸಾಧ್ಯವೇ? ಗುರುವಿಗೆ ಎಲ್ಲೆಯಿದೆ ಎಂಬುದು ನಿಜ. ಆ ತಾಯಿಯ ಅಗತ್ಯವೂ ಅಷ್ಟೇ ನಿಜ. ಒಬ್ಬರ ಕೈಗೆ ಎಟುಕದ ಮಾತ್ರಕ್ಕೆ ಆ ಅಗತ್ಯ ಇಲ್ಲವಾಗುವುದಿಲ್ಲ.

ಹಾಗಾದರೆ ಅದು ಎಲ್ಲಿಗೆ ಹೋಗಬೇಕು? ಇಡೀ ಸಮುದಾಯದ ಹೆಗಲಿಗೆ. ಪ್ರೇಷಿತರು ಮಾಡಿದ್ದು ಅದನ್ನೇ. ಜೆರುಸಲೇಮಿನಲ್ಲಿ ಗ್ರೀಕ್ ಭಾಷೆಯ ವಿಧವೆಯರಿಗೆ ದಿನದಿನದ ಹಂಚಿಕೆಯಲ್ಲಿ ಅನ್ಯಾಯವಾಗುತ್ತಿದೆಯೆಂಬ ಗೊಣಗಾಟ ಎದ್ದಾಗ (ಭಾಷೆಯ ಗೊಣಗಾಟ ನಮಗೇನೂ ಹೊಸದಲ್ಲ), ಹನ್ನೆರಡು ಮಂದಿ ಪ್ರೇಷಿತರು ತಾವೇ ಇನ್ನಷ್ಟು ಹೊತ್ತು ದುಡಿಯುತ್ತೇವೆ ಎನ್ನಲಿಲ್ಲ. ಆ ದೂರನ್ನು ತಳ್ಳಿಹಾಕಲೂ ಇಲ್ಲ. ಏಳು ಮಂದಿಯನ್ನು ಆರಿಸಿಕೊಳ್ಳಲು ಜನರಿಗೇ ಹೇಳಿದರು (ಪ್ರೇಷಿತರ ಕಾರ್ಯಕಲಾಪಗಳು 6). ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ದೂರು ಯಾರದಾಗಿತ್ತೋ ಜವಾಬ್ದಾರಿಯೂ ಅವರಿಗೇ ಸಿಕ್ಕಿತು.

ರೋಗಿಗಳ ಅಭ್ಯಂಗವನ್ನು ಗುರು ಮಾತ್ರ ನೀಡಬಲ್ಲರು, ಪಾಪನಿವೇದನೆಯೂ ಹಾಗೆಯೇ. ಆದರೆ ಹಾಸಿಗೆ ಹಿಡಿದವರಿಗೆ ಪರಮಪ್ರಸಾದವನ್ನು ಒಯ್ಯಲು ಅಸಾಧಾರಣ ಸೇವಕರನ್ನು ನೇಮಿಸಲು ಧರ್ಮಸಭೆ ಅನುಮತಿಸಿದೆ. ಲೆಕ್ಕಪತ್ರ, ಸಭಾಂಗಣದ ಬುಕಿಂಗ್, ಜನರೇಟರ್ ರಿಪೇರಿ ಇವುಗಳಿಗೆ ಗುರುದೀಕ್ಷೆ ಬೇಡವೇ ಬೇಡ. ಅವುಗಳ ನಡುವೆ ಗುರು ಓಡಾಡುತ್ತಿದ್ದರೆ, ಆ ಶನಿವಾರ ನೆರೆಯ ಧರ್ಮಕೇಂದ್ರದ ಗುರುಗಳಿಗೆ ಫೋನು ಮಾಡಿ ಆಸ್ಪತ್ರೆಗೆ ಕಳುಹಿಸುವಷ್ಟು ಸಮಾಧಾನವೂ ಅವರಲ್ಲಿ ಉಳಿದಿರುವುದಿಲ್ಲ.

ಇಲ್ಲಿ ಸೇವೆ ಮಾಡುವ ನಮ್ಮ ಬಗ್ಗೆಯೂ ಒಂದು ಕಟು ಮಾತು ಹೇಳಬೇಕು. ಹೊರೆ ಹೆಚ್ಚಾಯಿತೆಂದು ನರಳುವ ಎಲ್ಲರೂ ಅದನ್ನು ಇಳಿಸಲು ಒಪ್ಪುವುದಿಲ್ಲ. ಬೀರುವಿನ ಕೀಲಿಕೈ ನನ್ನ ಸೊಂಟದಲ್ಲೇ ಇರಬೇಕು, ಗಾನವೃಂದದ ಹಾಡನ್ನು ನಾನೇ ಆರಿಸಬೇಕು, ನಾನಿಲ್ಲದೆ ಹಬ್ಬದ ತೇರು ಹೊರಡಬಾರದು. ಇಂಥ ಸುಸ್ತಿನಲ್ಲಿ ಒಂದು ಗುಟ್ಟಾದ ಸುಖವಿದೆ. ಹನ್ನೆರಡನೆಯ ಶತಮಾನದಲ್ಲಿ ಸಂತ ಬೆರ್ನಾರ್ಡರು, ಹಿಂದೆ ತಮ್ಮ ಶಿಷ್ಯರಾಗಿದ್ದು ಆಗ ಪೋಪ್ ಆಗಿದ್ದ ಮೂರನೆಯ ಯೂಜೀನರಿಗೆ ಬರೆದ ಗ್ರಂಥದಲ್ಲಿ, ಕೆಲಸದ ಗದ್ದಲ ನಿಮ್ಮ ಹೃದಯವನ್ನು ಕಲ್ಲು ಮಾಡೀತು, ಎಲ್ಲರಿಗೂ ಸೇರಿದ ನೀವು ನಿಮಗೂ ಸ್ವಲ್ಪ ಸೇರಬೇಡವೇ ಎಂಬಂಥ ಎಚ್ಚರಿಕೆ ಕೊಟ್ಟರು. ಪೋಪರಿಗೇ ಹೀಗೆ ಹೇಳಿದರು! ತಮ್ಮ ಪ್ರವಚನವೊಂದರಲ್ಲಿ ಅದೇ ಸಂತರು ಕಾಲುವೆಗೂ ಕೊಳಕ್ಕೂ ಇರುವ ವ್ಯತ್ಯಾಸವನ್ನು ತೋರಿಸುತ್ತಾರೆ. ಕಾಲುವೆ ಬಂದದ್ದನ್ನು ಬಂದಹಾಗೇ ಹರಿಸಿಬಿಡುತ್ತದೆ, ಕೊಳ ತುಂಬುವವರೆಗೆ ಕಾಯುತ್ತದೆ.

ಇದನ್ನು ನಾವು ಫ್ರಾನ್ಸಿನ ಮಠದಿಂದ ಕಲಿಯಬೇಕಾಗಿಲ್ಲ. ಸಾರಕ್ಕಿ, ಯಡಿಯೂರು, ಮಡಿವಾಳ, ಪುಟ್ಟೇನಹಳ್ಳಿ ಎಲ್ಲವೂ ಕೆರೆಗಳಿರುವ ಊರುಗಳೇ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುವಂತೆ ನಮ್ಮ ಹಿರಿಯರು ಕಟ್ಟಿದ್ದರು. ಯಾವಾಗ ತೂಬು ಎತ್ತಬೇಕು, ಯಾರ ಗದ್ದೆಗೆ ಎಷ್ಟು ನೀರು ಎಂದು ನೋಡಿಕೊಳ್ಳಲು ನೀರಗಂಟಿ ಇರುತ್ತಿದ್ದ. ಯಾರು ಬಂದು ಕೇಳಿದರೂ ತೂಬು ಎತ್ತುವ ನೀರಗಂಟಿಯನ್ನು ಊರು ಧಾರಾಳಿ ಎಂದು ಹೊಗಳುತ್ತಿರಲಿಲ್ಲ. ಬೇಸಿಗೆಯಲ್ಲಿ ದನಕರುಗಳಿಗೆ ಏನು ಗತಿ ಎಂದು ಕೇಳುತ್ತಿತ್ತು.

ಹಾಗಾದರೆ ಸಂತ ಜಾನ್ ಮರಿಯ ವಿಯಾನ್ನಿ ದಿನಕ್ಕೆ ಹದಿನಾರು ಗಂಟೆ ಪಾಪನಿವೇದನೆಯ ಪೀಠದಲ್ಲಿ ಕೂರುತ್ತಿರಲಿಲ್ಲವೇ ಎಂದು ಕೇಳುವವರಿದ್ದಾರೆ. ಕೂರುತ್ತಿದ್ದರು. ಅದೇ ವಿಯಾನ್ನಿಯವರು ಆರ್ಸ್ ಊರಿನಿಂದ ಒಂದಕ್ಕಿಂತ ಹೆಚ್ಚು ಬಾರಿ ರಾತ್ರೋರಾತ್ರಿ ಹೊರಟುಹೋಗಲು ನೋಡಿದರು ಎಂಬುದನ್ನೂ ನೆನಪಿಡಬೇಕು. ಏಕಾಂತದಲ್ಲಿ ತಮ್ಮ ಪಾಪಗಳಿಗಾಗಿ ಅಳಬೇಕೆಂಬ ಆಸೆ ಅವರದು. 1853ರಲ್ಲಿ ಊರಿನ ಜನರೇ ದಾರಿಗಡ್ಡ ನಿಂತು ಅವರನ್ನು ಹಿಂದಕ್ಕೆ ಕರೆತಂದರು. ಸಂತರ ಹದಿನಾರು ಗಂಟೆಯನ್ನು ನಮ್ಮ ಕ್ಯಾಲೆಂಡರಿಗೆ ಅಂಟಿಸಿಕೊಳ್ಳುವಾಗ ಅವರ ಆ ರಾತ್ರಿಗಳನ್ನು ಕತ್ತರಿಸಿ ಹಾಕಬಾರದು.

ಒಂದು ವ್ಯತ್ಯಾಸವನ್ನು ಮಾತ್ರ ತಿಳಿದಿರಲೇಬೇಕು. ಎಲ್ಲ ಬಳಲಿಕೆಯೂ ಒಂದೇ ಬಗೆಯದಲ್ಲ. ದೇಹದ ದಣಿವಿಗೆ ಮದ್ದು ಸರಳ. ದುಃಖಕ್ಕೆ ಔಷಧಗಳನ್ನು ಹೇಳುತ್ತಾ ಸಂತ ಥಾಮಸರು ಅಳು, ಗೆಳೆಯರ ಒಡನಾಟ, ಸತ್ಯದ ಧ್ಯಾನ ಇವುಗಳ ಸಾಲಿನಲ್ಲೇ ನಿದ್ದೆಯನ್ನೂ ಸ್ನಾನವನ್ನೂ ಹೇಳಿದ್ದಾರೆ. ಅಷ್ಟು ದೊಡ್ಡ ದೇವಶಾಸ್ತ್ರಜ್ಞರು ಬಿಸಿನೀರಿನ ಸ್ನಾನವನ್ನು ಮರೆಯಲಿಲ್ಲವೆಂಬುದು ನನಗೆ ಬಹಳ ಇಷ್ಟ. ಎರಡನೆಯದು ಆತ್ಮದ ಜಡತೆ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಎವಾಗ್ರಿಯುಸ್ ಇದನ್ನು ನಡುಹಗಲಿನ ದೆವ್ವವೆಂದು ಗುರುತಿಸಿದರು. ಹೊತ್ತು ಸರಿಯುವುದಿಲ್ಲ, ಇದ್ದ ಜಾಗ ಬೇಡವಾಗುತ್ತದೆ, ಬೇರೆಲ್ಲೋ ಹೋದರೆ ಎಲ್ಲ ಸರಿಹೋದೀತೆನಿಸುತ್ತದೆ. ಇದಕ್ಕೆ ರಜೆಯಿಂದ ಪ್ರಯೋಜನವಿಲ್ಲ. ಪ್ರಾರ್ಥನೆಯನ್ನು, ಹಿಡಿದ ಚಿಕ್ಕ ಕೆಲಸವನ್ನು ಬಿಡದೆ ಕುಳಿತಿರಬೇಕು. ಮೂರನೆಯದು ಕಾಯಿಲೆ. ವಾರಗಟ್ಟಲೆ ನಿದ್ದೆ ಬಾರದೆ, ಊಟ ರುಚಿಸದೆ, ಬದುಕೇ ಬೇಡವೆನಿಸುತ್ತಿದ್ದರೆ ಅದು ಖಿನ್ನತೆಯಿರಬಹುದು. ಅದಕ್ಕೆ ನೊವೇನಾ ಒಂದೇ ಸಾಲದು, ವೈದ್ಯರು ಬೇಕು. ನಿಮ್ಹಾನ್ಸ್ ನಮ್ಮ ಹೊಸೂರು ರಸ್ತೆಯಲ್ಲೇ ಇದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವ ಗುರುವನ್ನು ಯಾರೂ ಅವಿಶ್ವಾಸಿ ಎನ್ನುವುದಿಲ್ಲವಷ್ಟೆ?

ಸೇವೆಯನ್ನು ಪೂರ್ತಿ ಕೆಳಗಿಡುವುದು ಸರಿಯೇ ಎಂಬ ಪ್ರಶ್ನೆಗೆ ಮಾತ್ರ ಒಂದೇ ಉತ್ತರ ಕೊಡಲು ನನಗೆ ಧೈರ್ಯ ಸಾಲದು. ಪೋಪ್ ಎರಡನೆಯ ಜಾನ್ ಪಾಲರು ಕೈ ನಡುಗುತ್ತಾ, ಮಾತು ನಿಲ್ಲುತ್ತಾ ಬಂದರೂ 2005ರಲ್ಲಿ ತೀರಿಕೊಳ್ಳುವವರೆಗೆ ಹೊಣೆ ಬಿಡಲಿಲ್ಲ. ರೋಗಿಗಳು ಅವರಲ್ಲಿ ತಮ್ಮನ್ನೇ ಕಂಡರು. ಅವರ ಪಕ್ಕದಲ್ಲೇ ನಿಂತು ಅದೆಲ್ಲವನ್ನೂ ನೋಡಿದ್ದ ಹದಿನಾರನೆಯ ಬೆನೆಡಿಕ್ಟರು, 2013ರ ಫೆಬ್ರವರಿ 11ರಂದು, ಈ ಸೇವೆಗೆ ಬೇಕಾದ ಬಲ ತಮ್ಮಲ್ಲಿ ಉಳಿದಿಲ್ಲವೆಂದು ತಿಳಿಸಿ ಪದತ್ಯಾಗ ಮಾಡಿದರು. ದೇವರ ಮುಂದೆ ಮತ್ತೆ ಮತ್ತೆ ಆತ್ಮಸಾಕ್ಷಿಯನ್ನು ಪರೀಕ್ಷಿಸಿಕೊಂಡೇ ಈ ತೀರ್ಮಾನಕ್ಕೆ ಬಂದೆನೆಂದು ಅವರು ತಿಳಿಸಿದ್ದನ್ನು ಗಮನಿಸಬೇಕು. ದಣಿದ ಸಂಜೆಯೊಂದರಲ್ಲಿ ತೆಗೆದುಕೊಂಡ ತೀರ್ಮಾನವಲ್ಲ ಅದು. ಎಲೀಯನಿಗೂ ಎರಡು ಊಟ, ಎರಡು ನಿದ್ದೆ ಆಗುವವರೆಗೆ ಯಾರೂ ಏನನ್ನೂ ತೀರ್ಮಾನಿಸಲು ಹೇಳಲಿಲ್ಲ.

ಇನ್ನು ಧರ್ಮಕೇಂದ್ರದ ಜನರ ಬಗ್ಗೆ ಒಂದೆರಡು ಮಾತು. ಧರ್ಮಕೇಂದ್ರದ ಗುರು ವರ್ಷಕ್ಕೆ ಒಂದು ತಿಂಗಳವರೆಗೆ ರಜೆಯ ಮೇಲೆ ಹೋಗಬಹುದೆಂದು ಸಂಹಿತೆಯಲ್ಲೇ ಇದೆ; ಧ್ಯಾನಕೂಟದ ದಿನಗಳು ಅದರಲ್ಲಿ ಸೇರುವುದಿಲ್ಲ. ಆದರೂ ಹತ್ತು ದಿನ ಊರಿಗೆ ಹೋಗಿಬಂದ ಗುರುಗಳನ್ನು ‘ಏನು ಫಾದರ್, ಕಾಣಿಸಲೇ ಇಲ್ಲ’ ಎಂದು ಸ್ವಾಗತಿಸುವುದು ನಮ್ಮಲ್ಲಿ ವಾಡಿಕೆ. ಧರ್ಮೋಪದೇಶದ ಟೀಚರಮ್ಮನಿಗೆ ಆ ಸೌಲಭ್ಯವೂ ಇಲ್ಲ. ಇಪ್ಪತ್ತು ವರ್ಷ ಸೇವೆ ಮಾಡಿದ್ದಕ್ಕೆ ಶಾಲು ಹೊದಿಸಿ ಫೋಟೋ ತೆಗೆದು, ಮುಂದಿನ ಭಾನುವಾರ ಮತ್ತೆ ಅದೇ ನಲವತ್ತು ಮಕ್ಕಳನ್ನು ಅವರಿಗೇ ಒಪ್ಪಿಸುತ್ತೇವೆ. ಶಾಲಿನ ಬದಲು ಇನ್ನೊಬ್ಬ ಟೀಚರನ್ನು ಕೊಟ್ಟಿದ್ದರೆ ಅವರು ಹೆಚ್ಚು ಸಂತೋಷಪಡುತ್ತಿದ್ದರು.

ಸಂತ ಮಾರ್ಕರ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ ಒಂದು ಘಟನೆಯಿದೆ. ಕಫೆರ್ನವುಮಿನಲ್ಲಿ ಸಂಜೆಯೆಲ್ಲ ರೋಗಿಗಳನ್ನು ಗುಣಪಡಿಸಿದ ಯೇಸು ಮುಂಜಾನೆ ಕತ್ತಲಿರುವಾಗಲೇ ಎದ್ದು ಏಕಾಂತಕ್ಕೆ ಹೋಗಿ ಪ್ರಾರ್ಥಿಸುತ್ತಾರೆ. ಎಲ್ಲರೂ ನಿಮ್ಮನ್ನು ಹುಡುಕುತ್ತಿದ್ದಾರೆಂದು ಪೇತ್ರ ಓಡಿಬಂದಾಗ, ಅವರು ಹಿಂದಿರುಗದೆ ಪಕ್ಕದ ಊರುಗಳಿಗೆ ಹೊರಡುತ್ತಾರೆ. ಹುಡುಕುತ್ತಿದ್ದವರಲ್ಲಿ ನಿಜವಾದ ರೋಗಿಗಳೂ ಇದ್ದಿರಬೇಕು. ಅವರ ಗತಿ ಏನಾಯಿತೆಂದು ಮಾರ್ಕರು ಬರೆದಿಲ್ಲ. ಆದರೆ ಆ ಊರಿನಲ್ಲಿ ಪೇತ್ರನ ಮನೆಯಿತ್ತು. ಜ್ವರ ಬಿಟ್ಟ ಮೇಲೆ ಎದ್ದು ಉಪಚಾರಕ್ಕೆ ನಿಂತ ಅವನ ಅತ್ತೆ ಆ ಮನೆಯಲ್ಲಿದ್ದಳು.

ನಿಮ್ಮ ಧರ್ಮಕೇಂದ್ರದಲ್ಲಿ ಹಾಸಿಗೆ ಹಿಡಿದವರ ಪಟ್ಟಿ ಯಾರ ಬಳಿ ಇದೆ? ಬಹುಮಟ್ಟಿಗೆ ಗುರುಗಳ ಮೇಜಿನ ಸೆಳೆಯಲ್ಲಿ, ಒಂದು ಹಳೆಯ ಡೈರಿಯಲ್ಲಿ ಇರುತ್ತದೆ. ಬರುವ ಭಾನುವಾರ ಪೂಜೆಯಾದ ಮೇಲೆ ಅದನ್ನು ಕೇಳಿ ಪಡೆದು, ಬೀದಿಬೀದಿಯಾಗಿ ಬೇರ್ಪಡಿಸಿ, ನಿಮ್ಮ ಬೀದಿಯ ಎರಡು ಹೆಸರುಗಳನ್ನು ಬರೆದುಕೊಂಡು ಹೋಗಿ. ಹೋದಾಗ ಏನು ಮಾತಾಡಬೇಕೆಂಬ ಚಿಂತೆ ಬೇಡ. ಜಯನಗರದ ಅಜ್ಜಿಯರು ಮಾತಿಗೆ ತಾವೇ ಶುರುಮಾಡುತ್ತಾರೆ.